ಹುಳಕ್ಕೆ ಜ್ವರ, ನಿದ್ದೆಗೆಡೋದು ರೈತರು

ಸಂಪಾದಕರಿಗೆ ನಮಸ್ಕಾರ,

ಮನಸ್ಸಿನ ಆರೋಗ್ಯ ಅಂದ್ರೆ ಪೇಪರಲ್ಲಿ ಬರೀ ಬೆಂಗ್ಳೂರು ಐಟಿಯವ್ರ ಟೆನ್ಶನ್ನೇ ಬರುತ್ತೆ, ಅದಕ್ಕೇ ಬರೀತಿದೀನಿ. ನಾನು ಶಿಡ್ಲಘಟ್ಟ ಕಡೆಯವಳು, ಬಿಎನಲ್ಲಿ ಸೈಕಾಲಜಿ ಓದಿ ಈಗ ಎಂಎಸ್ಸಿ ಕೊನೇ ವರ್ಷ (ಹುಚ್ಚರ ಓದಾ ಅಂತ ನಮ್ಮಜ್ಜಿ ಈಗ್ಲೂ ಕೇಳ್ತಾರೆ), ಪ್ರಾಜೆಕ್ಟಿಗೆ ತಗೊಂಡಿರೋದು ರೇಷ್ಮೆ ಬೆಳೆಗಾರರ ನಿದ್ದೆ ಮತ್ತೆ ಖಿನ್ನತೆ.

ಖಿನ್ನತೆ ಎಷ್ಟಿದೆ ಅಂತ ನೋಡೋಕೆ ಪಿಎಚ್‌ಕ್ಯು-9 ಅಂತ ಒಂದು ಪ್ರಶ್ನಾವಳಿ ಇದೆ, 9 ಪ್ರಶ್ನೆ, ಹಿಂದಿನ 2 ವಾರದ್ದು ಕೇಳ್ಬೇಕು, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27, 10 ಬಂದ್ರೆ ಸ್ವಲ್ಪ ಹುಷಾರಾಗ್ಬೇಕು. ಒಳ್ಳೇದೇ. ಆದ್ರೆ ಹುಳ ನಾಕನೇ ಜ್ವರ (ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ) ಎದ್ದು ಸೊಪ್ಪು ಜಾಸ್ತಿ ತಿನ್ನೋ ಹೊತ್ತಲ್ಲಿ ಮನೇಗೆ ಹೋಗಿ ನಿದ್ದೆ ಬರುತ್ತಾ ಅಂತ ಕೇಳಿದ್ರೆ ಏನ್ ಹೇಳ್ತಾರೆ, ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕಿ ಬೆಳಗಿನ ಜಾವ ಮತ್ತೆ ಏಳೋರು, ನಿದ್ದೆ ಸುಸ್ತು ಊಟ ಎಲ್ಲಕ್ಕೂ 3 ಬೀಳುತ್ತೆ. ಅದು ಕಾಯಿಲೆನಾ ಬೆಳೆನಾ? ಖಿನ್ನತೆ ಅನ್ನೋ ಪದಾನೇ ಯಾರಿಗೂ ಗೊತ್ತಿಲ್ಲ, ಎದೆ ಭಾರ ಅಂತಾರೆ, ಮನೇಲಿ ತೆಲುಗು ಮಾತಾಡೋರೂ ಜಾಸ್ತಿ.

ಒಬ್ಬ ಅಕ್ಕ "ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಮೇಲೆ ಬಾಮ್ಮ" ಅಂದ್ರು (ಚಂದ್ರಿಕೆ ಅಂದ್ರೆ ಹುಳ ಗೂಡು ಕಟ್ಟೋ ತಟ್ಟೆ). ಹೋದೆ. ನಿದ್ದೆ ಅಂಕ ಇಳಿದಿತ್ತು, ಆದ್ರೆ ಸಾಯೋ ಯೋಚನೆ ಬರುತ್ತಾ ಅನ್ನೋ ಒಂಬತ್ತನೇ ಪ್ರಶ್ನೆಗೆ ಸುಮ್ನೆ ಖಾಲಿ ಸೊಪ್ಪಿನ ಬುಟ್ಟಿ ನೋಡ್ತಾ ಕೂತ್ಬಿಟ್ರು. ಫಾರಂ ಮಡಚಿಟ್ಟು ಸಂಜೆವರೆಗೂ ಅಲ್ಲೇ ಇದ್ದೆ, ಟೆಲಿಮಾನಸ್ ಅನ್ನೋ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿಗೆ ಅವರ ಜೊತೇಲೇ ಫೋನ್ ಮಾಡಿದ್ವಿ.

14416, ಅಕ್ಟೋಬರ್ 2022ರಿಂದ ಇದೆ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಗೂಡಿನ ರೇಟ್ ಹಾಕ್ತೀರಲ್ಲ ಸಾರ್, ಅದ್ರ ಪಕ್ಕದಲ್ಲೇ ಈ ನಂಬರೂ ಹಾಕಿ.

— ಎಂಎಸ್ಸಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ ಜಿಲ್ಲೆ