ಆಗಸ್ಟ್ 15ರ ಕಾವಲು ಮತ್ತು ಮೊಬೈಲ್: ರಕ್ಷಕರಿಗೆ ಒಂದು ಪತ್ರ

ಪ್ರೀತಿಯ ರಕ್ಷಕರೇ,

ನಮಸ್ಕಾರ. ಕಳೆದ ವಾರ ಹೈಟೆಕ್ ತರಗತಿಯಲ್ಲಿ ಮಕ್ಕಳಿಗೆ ತೋರಿಸಿದ, ಅಮೆರಿಕದ ಸೈನಿಕ ಸಮಾಧಿಯೊಂದರ ಕಾವಲಿನ ವಿಡಿಯೋ ಬಗ್ಗೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿದಿರಿ. ಇಬ್ಬರು ತಾಯಂದಿರು ಆಫೀಸಿಗೇ ಬಂದು ಮಾತಾಡಿದಿರಿ. ಆಮೇಲೆ ಸ್ವಾತಂತ್ರ್ಯ ದಿನ ಮಕ್ಕಳು ಧ್ವಜಸ್ತಂಭದ ಬಳಿ ಕಾವಲು ನಿಲ್ಲುತ್ತಾರೆ, ಆಗ ಸ್ವಲ್ಪ ಹೊತ್ತು ಮೊಬೈಲ್ ಬೇಡ ಎಂದು ಹೇಳಿದಾಗ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲೂ ಮಾತು ಸ್ವಲ್ಪ ಜೋರಾಯಿತು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆಯೋಣ ಎಂದುಕೊಂಡೆ.

ಮೊದಲು ನಮ್ಮ ತಪ್ಪು. ಅದು ಸೈನಿಕರ ಸಮಾಧಿಗಳಿರುವ ಜಾಗ ಎಂದು ಮುಂಚೆಯೇ ತಿಳಿಸಬೇಕಿತ್ತು. ಐದನೇ ತರಗತಿಯ ಒಂದು ಮಗು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲವಂತೆ. ಕೇಳಿ ತುಂಬಾ ಬೇಸರವಾಯಿತು. ಮರುದಿನ ಆ ಮಗುವನ್ನು ಹತ್ತಿರ ಕೂರಿಸಿಕೊಂಡು ಮಾತಾಡಿದ್ದೇನೆ. ಇನ್ನು ಮುಂದೆ ಇಂಥದ್ದು ತೋರಿಸುವ ಮೊದಲು ತರಗತಿ ಟೀಚರ್ ನಿಮಗೆ ಹೇಳುತ್ತಾರೆ.

ಆದರೆ "ಸ್ಮಶಾನ ತೋರಿಸಿ ಮಕ್ಕಳನ್ನು ಮನೆಗೆ ಕಳಿಸಿದಿರಿ" ಎಂಬ ಮಾತು ನನಗೆ ನೋವು ತಂದಿತು. ಈಗ ಆಟಿ, ತುಳುವರ ಮಳೆಗಾಲದ ತಿಂಗಳು. ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಬಾಳೆಲೆ ಹಾಕಿ ಅಗೆಲು, ಅಂದರೆ ಅವರ ಹೆಸರಿನ ಊಟ, ಬಡಿಸುತ್ತಾರೆ. ಮಕ್ಕಳು ಅಲ್ಲೇ ಇರುತ್ತಾರೆ, ಆಮೇಲೆ ಊಟ ಮಾಡುತ್ತಾರೆ. ಸತ್ತವರನ್ನು ನೆನೆಯುವುದು ನಮ್ಮ ಮಕ್ಕಳಿಗೆ ಹೊಸತೇನಲ್ಲ, ಅಲ್ವಾ?

"ಅಮೆರಿಕದ್ದು ಯಾಕೆ, ನಮ್ಮ ಸೈನಿಕರಿಲ್ಲವೇ?" ಎಂದು ಒಬ್ಬರು ಕೇಳಿದ್ದೀರಿ. ನಾವು ಮೊದಲು ತೋರಿಸಿದ್ದು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವನ್ನೇ. 2019ರಲ್ಲಿ ಇಂಡಿಯಾ ಗೇಟ್ ಹತ್ತಿರ ಉದ್ಘಾಟನೆಯಾದದ್ದು. ಅಲ್ಲಿ 25 ಸಾವಿರಕ್ಕೂ ಜಾಸ್ತಿ ಯೋಧರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ತೋರಿಸಿದ ಸಮಾಧಿಗೆ ಹೆಸರೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ಒಬ್ಬ ಸೈನಿಕ, ಗುರುತು ಸಿಗದವನು. 1921ರಲ್ಲಿ ಅಲ್ಲಿ ಮಣ್ಣು ಮಾಡಿದರು. ಒಂದು ಕಡೆ ಸಾವಿರಾರು ಹೆಸರು, ಇನ್ನೊಂದು ಕಡೆ ಯಾರ ಮಗನೆಂದೇ ತಿಳಿಯದ ಒಬ್ಬ. ಎರಡನ್ನೂ ಮಕ್ಕಳು ಒಟ್ಟಿಗೆ ನೋಡಲಿ ಎಂಬುದು ನಮ್ಮ ಯೋಚನೆ.

ಆರ್ಲಿಂಗ್ಟನ್‌ನ ಆ ಸಮಾಧಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಮೇ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಅವಳು ಕರೆದುಕೊಂಡು ಹೋಗಿದ್ದಳು. ಕಲ್ಲಿನ ಅಂಗಳ, ಅದರ ಮೇಲೆ ಉದ್ದಕ್ಕೆ ಹಾಸಿದ ಕಪ್ಪು ಚಾಪೆ. ಕಾವಲಿನವನು 21 ಹೆಜ್ಜೆ ನಡೆಯುತ್ತಾನೆ. ಸಮಾಧಿಯ ಕಡೆ ತಿರುಗಿ 21 ಸೆಕೆಂಡ್ ನಿಲ್ಲುತ್ತಾನೆ. ಮತ್ತೆ ತಿರುಗಿ 21 ಸೆಕೆಂಡ್, ಮತ್ತೆ 21 ಹೆಜ್ಜೆ ವಾಪಸು. ಸೇನೆಯ ದೊಡ್ಡ ಗೌರವ 21 ಕುಶಾಲತೋಪು, ಲೆಕ್ಕ ಅಲ್ಲಿಂದ ಬಂದದ್ದು. ಹಿಮ್ಮಡಿ ತಾಗಿದಾಗ ಟಕ್ ಎಂದು ಒಂದು ಸದ್ದು. ಅಷ್ಟು ಜನ ನಿಂತಿದ್ದರೂ ಅದೊಂದೇ ಸದ್ದು.

ಮೊದಲ ಸಲ ಕಾವಲು ಬದಲಾದಾಗ ನಾನು ಪೂರ್ತಿ ಫೋನ್ ಎತ್ತಿ ಹಿಡಿದೇ ನಿಂತಿದ್ದೆ. ಮುಗಿದ ಮೇಲೆ ಮಗಳು, "ಅಮ್ಮ, ಬಂದೂಕು ಭುಜ ಬದಲಾದದ್ದು ನೋಡಿದ್ಯಾ?" ಎಂದು ಕೇಳಿದಳು. ನಾನು ನೋಡಿರಲಿಲ್ಲ. ಚಿತ್ರ ಅಲುಗದ ಹಾಗೆ ಹಿಡಿಯುವುದರಲ್ಲೇ ಇದ್ದೆ. ಬೇಸಿಗೆಯಲ್ಲಿ ಅಲ್ಲಿ ಅರ್ಧ ಗಂಟೆಗೊಮ್ಮೆ ಕಾವಲು ಬದಲಾಗುತ್ತದೆ. ಫೋನ್ ಚೀಲಕ್ಕೆ ಹಾಕಿ ಇನ್ನೊಂದು ಸಲ ನಿಂತೆ. ಆಗ ಕಂಡಿತು. ಅವನು ಆ ಕಡೆ ಹೋಗಲಿ, ಈ ಕಡೆ ಬರಲಿ, ಬಂದೂಕು ಯಾವಾಗಲೂ ಜನರ ಕಡೆಯ ಭುಜದ ಮೇಲೆ. ಸಮಾಧಿಗೂ ನಮಗೂ ನಡುವೆ. ಮಲಗಿರುವವನನ್ನು ಕಾಯುವುದು ಎಂದರೆ ಏನೆಂದು ಅದೊಂದರಲ್ಲೇ ಅರ್ಥವಾಯಿತು. ನನ್ನ ಫೋನಿನಲ್ಲಿ ಮೊದಲ ಸಲದ ವಿಡಿಯೋ ಈಗಲೂ ಇದೆ. ನೆನಪಿನಲ್ಲಿರುವುದು ಎರಡನೆಯದು.

ವಿಡಿಯೋ ಮುಗಿದ ಮೇಲೆ ಆರನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಟೀಚರ್, ಗೇಟು ಹಾಕಿದ ಮೇಲೂ ನಡೀತಾನಾ? ನೋಡಲು ಯಾರೂ ಇಲ್ಲದಾಗ?" ನಡೆಯುತ್ತಾನೆ. 1937ರಿಂದ ಹಗಲು ರಾತ್ರಿ ಕಾವಲು ಇದೆ. ಹಾಗೆಂದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಲ್ಲೇ ಇದ್ದ, ಗುರುತು ಸಿಗದ ವಿಯೆಟ್ನಾಂ ಯುದ್ಧದ ಇನ್ನೊಬ್ಬ ಸೈನಿಕನ ಗೋರಿಯನ್ನು 1998ರಲ್ಲಿ ತೆರೆದು, ಡಿಎನ್ಎ ಪರೀಕ್ಷೆಯಿಂದ ಗುರುತು ಹಿಡಿದು ಮನೆಯವರಿಗೆ ಒಪ್ಪಿಸಿದರು, ಆ ಜಾಗ ಇವತ್ತಿಗೂ ಖಾಲಿ ಇದೆ ಎಂದಾಗ ಒಬ್ಬಳು ಹುಡುಗಿ, "ಅವನ ಅಮ್ಮನಿಗೆ ಸಮಾಧಾನ ಆಗಿರ್ಬೇಕು" ಎಂದಳು. ಮಕ್ಕಳು ಕಲಿತದ್ದು ಭಯವನ್ನಲ್ಲ. ದಯವಿಟ್ಟು ಅವರನ್ನೇ ಕೇಳಿ ನೋಡಿ.

ಧ್ವಜಸ್ತಂಭದ ಬಳಿ ಕಾವಲು ನಿಲ್ಲುವ ಯೋಚನೆ ಹುಟ್ಟಿದ್ದೂ ಮಕ್ಕಳಿಂದಲೇ. ಇದು ಶಿಕ್ಷೆಯಲ್ಲ, ಕವಾಯತೂ ಅಲ್ಲ. ಎಂಟು ಮತ್ತು ಒಂಬತ್ತನೇ ತರಗತಿಯಿಂದ ತಾವಾಗಿ ಹೆಸರು ಕೊಟ್ಟವರು ಮಾತ್ರ. ಇಬ್ಬಿಬ್ಬರಂತೆ 15 ನಿಮಿಷ ನಿಲ್ಲುತ್ತಾರೆ, ಆಮೇಲೆ ಬೇರೆ ಇಬ್ಬರು. ಒಟ್ಟು ಒಂದು ಗಂಟೆ. ಕೈಯಲ್ಲಿ ಕೋಲು ಕೂಡ ಇರುವುದಿಲ್ಲ. ಮಳೆ ಬಂದರೆ ಜಗಲಿಗೆ ಬರುತ್ತಾರೆ. ತಲೆ ತಿರುಗಿದರೆ, ಕಾಲು ನೋವಾದರೆ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ.

ಇನ್ನು ಮೊಬೈಲ್ ವಿಷಯ. ಮಗ ಕಾವಲು ನಿಂತದ್ದನ್ನು ಗಲ್ಫಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಬೇಕು ಎಂಬ ಆಸೆ ನನಗೆ ಅರ್ಥವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಅಪ್ಪಂದಿರು ನಮ್ಮ ಶಾಲೆಯಲ್ಲಿ ಎಷ್ಟು ಜನ ಇದ್ದಾರೆಂದು ನನಗೆ ಗೊತ್ತು. ಅವರಿಗೆ ಬೇಡ ಅನ್ನುತ್ತಿಲ್ಲ. ಭಾಷಣ, ದೇಶಭಕ್ತಿ ಗೀತೆ, ಬಹುಮಾನ, ಎಲ್ಲವನ್ನೂ ಲೈವ್ ತೋರಿಸಿ. ಧ್ವಜ ಏರಿದಲ್ಲಿಂದ ಮೊದಲ ಜೋಡಿ ಬದಲಾಗುವವರೆಗೆ, ಅಂದರೆ ಸುಮಾರು 20 ನಿಮಿಷ ಮಾತ್ರ ಬೇಡ. ಅಷ್ಟು ಹೊತ್ತು ನಮ್ಮ ಒಬ್ಬ ಟೀಚರ್ ದೂರದಿಂದ ಚಿತ್ರೀಕರಣ ಮಾಡುತ್ತಾರೆ. ಕಾರ್ಯಕ್ರಮ ಮುಗಿದ ಕೂಡಲೇ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಅಪ್ಪಂದಿರು ಮಧ್ಯಾಹ್ನದ ಊಟದ ಹೊತ್ತಿಗೆ ನೋಡಬಹುದು.

ನಾನು ಹಟ ಹಿಡಿಯುತ್ತಿದ್ದೇನೆ ಎಂದು ಕೆಲವರಿಗೆ ಅನಿಸಿದೆ. ಹೌದು, ಈ ಒಂದು ವಿಷಯದಲ್ಲಿ ಹಿಡಿಯುತ್ತಿದ್ದೇನೆ. ಎದುರಿಗೆ ಐವತ್ತು ಫೋನ್ ಕಂಡರೆ ಮಗುವಿನ ಕಣ್ಣು ಅಮ್ಮನ ಫೋನನ್ನೇ ಹುಡುಕುತ್ತದೆ. ನಗು ಬರುತ್ತದೆ, ಕಾಲರ್ ಸರಿ ಮಾಡಿಕೊಳ್ಳುತ್ತದೆ. ತಪ್ಪಲ್ಲ, ಮಕ್ಕಳು ಹಾಗೆಯೇ. ಆದರೆ ಅವರು ಆವತ್ತು ನಿಲ್ಲುವುದು ನಮಗಾಗಿ ಅಲ್ಲ. ನಮ್ಮಲ್ಲೇ ಸೈನ್ಯದಲ್ಲಿರುವವರ ಮಕ್ಕಳಿದ್ದಾರೆ. ಅವರಲ್ಲೊಬ್ಬಳು ಮೊದಲ ಜೋಡಿಯಲ್ಲಿ ನಿಲ್ಲುತ್ತಾಳೆ. ಅವಳಿಗೆ ಆ 15 ನಿಮಿಷ ಸಿಗಲಿ.

ಆ 20 ನಿಮಿಷ ಮೊಬೈಲ್ ಬ್ಯಾಗಿನಲ್ಲಿರಲಿ.

ಬೆಳಗ್ಗೆ 8.45ಕ್ಕೆ ಅಂಗಳದಲ್ಲಿ ಇರಿ, 9ಕ್ಕೆ ಧ್ವಜಾರೋಹಣ. ಕಾವಲು ನಿಲ್ಲುವ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬರುವುದು ಬೇಡ. ಪಾಯಸಕ್ಕೆ ತೆಂಗಿನಕಾಯಿ ಕೊಡುತ್ತೇನೆ ಎಂದವರು 13ರ ಒಳಗೆ ಅಡುಗೆಮನೆಗೆ ತಲುಪಿಸಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ