ದೊಡ್ಡಮ್ಮನ ಪತ್ರ

ವಾಟರ್‌ಫರ್ಡ್

ಪ್ರೀತಿಯ ಪುಟ್ಟಿ,

ಡಬ್ಲಿನ್ನಿನ ಮಳೆ, ಮನೆ ಬಾಡಿಗೆ, ನಾಟಕದ ತರಗತಿ ಎಲ್ಲವನ್ನೂ ಓದಿದೆ. ಆದರೆ ಹಾಳೆಯ ಅಂಚಿನಲ್ಲಿ ತುರುಕಿದ್ದ ಒಂದು ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು: “ಎಡಗಿವಿಯೂ ಹೋದರೆ ಮಾತು ಬರೆಯುವುದು ಹೇಗೆ ದೊಡ್ಡಮ್ಮ?”

ನಾಟಕಕಾರ್ತಿ ತೆರೇಸಾ ಡೀವಿ ಈ ಊರಿನವರೇ. ಕಾಲೇಜಿನಲ್ಲಿದ್ದಾಗಲೇ ಅವರ ಕಿವಿ ಹೋಯಿತು. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯಲು ಲಂಡನ್ನಿಗೆ ಹೋದವರು ಅಲ್ಲಿ ನಾಟಕದ ಹುಚ್ಚು ಹಿಡಿಸಿಕೊಂಡರು. ನಾಟಕವನ್ನು ಮೊದಲೇ ಓದಿಕೊಂಡು ಹೋಗಿ ನೋಡುತ್ತಿದ್ದರಂತೆ. 1930ರಿಂದ 1936ರೊಳಗೆ ನಿಮ್ಮ ಡಬ್ಲಿನ್ನಿನ ಆಬಿ ಥಿಯೇಟರ್ ಅವರ ಆರು ನಾಟಕಗಳನ್ನು ಆಡಿತು. ‘ಕೇಟಿ ರೋಚ್’ ಓದು. ಅದರಲ್ಲಿ ಆಡಿದ ಮಾತಿಗಿಂತ ನುಂಗಿದ ಮಾತೇ ಹೆಚ್ಚು ತೂಕದ್ದು. ಆಮೇಲೆ ಅದೇ ಆಬಿ ಅವರ ‘ವೈಫ್ ಟು ಜೇಮ್ಸ್ ವೀಲನ್’ ನಾಟಕವನ್ನು ತಿರಸ್ಕರಿಸಿತು. ಅವರು ರೇಡಿಯೋಗೆ ಬರೆದರು. ತಮಗೇ ಕೇಳಿಸದ ರೇಡಿಯೋಗೆ!

ನನ್ನ ಅಪ್ಪನ ಕೊನೆಯ ವರ್ಷಗಳು ನಿನಗೆ ಗೊತ್ತೇ ಇವೆ. ಇದೊಂದು ಗೊತ್ತಿರಲಾರದು. ನಾನು ರಜೆಗೆ ಬಂದಾಗ ಊಟಕ್ಕೆ ಕುಳಿತು ನಾವೆಲ್ಲ ನಕ್ಕರೆ ಅವರು ತುತ್ತು ಕೈಯಲ್ಲೇ ಹಿಡಿದು “ಏನಂದೆ?” ಎನ್ನುತ್ತಿದ್ದರು. ನಾನು “ಏನಿಲ್ಲ ಬಿಡಪ್ಪ” ಎನ್ನುತ್ತಿದ್ದೆ. ಮೂವತ್ತು ವರ್ಷ ವಾರ್ಡಿನಲ್ಲಿ ಕಿವಿ ಮಂದವಾದ ಮುದುಕರ ಮುಂದೆ ಬಗ್ಗಿ, ಬಿಡಿಸಿ ಬಿಡಿಸಿ ಮಾತಾಡಿದವಳು ಹೆತ್ತಪ್ಪನಿಗೆ ಒಂದು ನಗೆಮಾತನ್ನು ಎರಡನೇ ಸಲ ಹೇಳಲಿಲ್ಲ. ಕೆಲವು ದಿನಗಳಲ್ಲಿ ಅವರು ಕೇಳುವುದನ್ನೇ ಬಿಟ್ಟರು.

ನೀನೂ ಕೇಳುವುದನ್ನು ಬಿಟ್ಟೀಯೆಂದು ನನಗೆ ಹೆದರಿಕೆ. ತಜ್ಞರ ಬಳಿ ಇನ್ನೊಮ್ಮೆ ಪರೀಕ್ಷೆ ಮಾಡಿಸು. ನರ್ಸ್ ಬುದ್ಧಿ, ಬೇಸರಿಸಬೇಡ. ತಾಲೀಮಿನಲ್ಲಿ ನಟರ ಬಾಯಿ ಕಾಣುವ ಕಡೆ ಕುಳಿತುಕೋ. ಇದನ್ನು ನೀನಾಗಲೇ ಮಾಡುತ್ತಿರಬಹುದು.

2017ರಲ್ಲಿ ಆಬಿಯ ಚಿಕ್ಕ ರಂಗಮಂದಿರ ಪೀಕಾಕ್‌ನಲ್ಲಿ ಕಿವುಡ ಕಲಾವಿದರು ಡೀವಿಯ ನಾಟಕವೊಂದನ್ನು ಆಧರಿಸಿ ಐರಿಷ್ ಸಂಜ್ಞಾ ಭಾಷೆಯಲ್ಲಿ ಪ್ರದರ್ಶನ ಕೊಟ್ಟರು. ನಾನು ಹೋಗಲಿಲ್ಲ. ರಾತ್ರಿ ಪಾಳಿ ಇತ್ತು ಎಂದು ಆಗ ಎಲ್ಲರಿಗೂ ಹೇಳಿದೆ. ಪಾಳಿಯನ್ನು ಯಾರೊಂದಿಗಾದರೂ ಬದಲಿಸಿಕೊಳ್ಳಬಹುದಿತ್ತು. ನೋಡಿದ್ದರೆ ಇವತ್ತು ನಿನ್ನ ಪ್ರಶ್ನೆಗೆ ನನ್ನಲ್ಲಿ ಇನ್ನಷ್ಟು ಉತ್ತರವಿರುತ್ತಿತ್ತು.

ಮೊನ್ನೆ ಫೋನಿನಲ್ಲಿ ನೀನು ಎರಡು ಸಲ “ಏನಂದಿರಿ?” ಎಂದೆ. ಮತ್ತೆ ನಾನು “ಏನಿಲ್ಲ” ಎಂದುಬಿಟ್ಟೆ. ಅಂದದ್ದು ಇಷ್ಟೇ: ಉಪ್ಪಿನಕಾಯಿ ಭರಣಿಯ ತಳ ಕಾಣುತ್ತಿದೆ, ಬರುವಾಗ ಅಲ್ಲಿ ಮಾವಿನಕಾಯಿ ಸಿಕ್ಕರೆ ತಾ.

ನಿನ್ನ ದೊಡ್ಡಮ್ಮ