ಹೊಗೆಗೆ ಹೋಗುವ ಹಣ ಸೊಳ್ಳೆಮರಿ ಹುಡುಕುವವರಿಗೆ ಸಿಗಲಿ

ಮಾನ್ಯ ಬೀದರ್ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ಸೇನೆಯ ವೈದ್ಯಕೀಯ ದಳದಲ್ಲಿ ಆರೋಗ್ಯ ಸಹಾಯಕನಾಗಿ ದುಡಿದು, ನಿವೃತ್ತನಾಗಿ ಬೀದರಿಗೆ ಮರಳಿದವನು ನಾನು. ಸೇನಾ ನೆಲೆಗಳಲ್ಲಿ ರೋಗ ಬರದಂತೆ ತಡೆಯುವ ಸ್ಟೇಷನ್ ಹೆಲ್ತ್ ಆರ್ಗನೈಸೇಷನ್‌ಗಳ ಬಗ್ಗೆ ನೀವು ಸಂಸತ್ತಿನಲ್ಲಿ ದನಿ ಎತ್ತಬೇಕು. ಹೊಸ ಅನುದಾನ ಬೇಡ. ಇರುವ ಹಣ, ಇರುವ ಸಿಬ್ಬಂದಿ ಸರಿಯಾದ ಕೆಲಸಕ್ಕೆ ಹೋಗಲಿ.

ನಾನಿದ್ದ ಒಂದು ನೆಲೆಯಲ್ಲಿ ಡೆಂಗಿ ಕಾಣಿಸಿಕೊಂಡಾಗಲೆಲ್ಲ ಸಂಜೆ ಡೀಸೆಲ್ ಹೊಗೆ ಬಿಡುತ್ತಿದ್ದೆವು. ಜನ ಬಾಗಿಲು, ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಅದೇ ಮುಚ್ಚಿದ ಕೋಣೆಯಲ್ಲಿ, ತೂಗುಹಾಕಿದ ಬಟ್ಟೆಗಳ ಮರೆಯಲ್ಲಿ ಹಾಯಾಗಿ ಕೂತಿರುತ್ತಿತ್ತು. ಒಮ್ಮೆ ಕ್ವಾರ್ಟರ್ಸ್‌ ಮನೆಯೊಂದರ ಕೂಲರ್‌ ತಳದ ನೀರನ್ನು ಬಿಳಿ ತಟ್ಟೆಗೆ ಸುರಿದೆ. ದಾರದ ತುಣುಕಿನಂಥ ಮರಿಗಳು ತಲೆ ಕೆಳಗಾಗಿ ತೂಗುತ್ತ, ತಟ್ಟೆ ಅಲುಗಿದೊಡನೆ ತಳಕ್ಕೆ ಜಾರುತ್ತಿದ್ದವು. "ಇವು ನಮ್ಮ ಮನೆಯವೇ?" ಎಂದು ಆ ತಾಯಿ ಬೆಚ್ಚಿದರು. ಮುಂದಿನ ವಾರ ಹೋದಾಗ ಕೂಲರ್ ಒಣಗಿತ್ತು, ಒಳಮೈ ತಿಕ್ಕಿ ತೊಳೆದಿತ್ತು. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಬೇಕು. ಆಕೆ ಅದಕ್ಕೆ ಮೊದಲೇ ಕೆಲಸ ಮುಗಿಸಿದ್ದರು. ಆದರೆ ಹಾಗೆ ತಟ್ಟೆ ಹಿಡಿದು ಮನೆಮನೆಗೆ ಹೋಗಲು ನಾವಿದ್ದದ್ದು ಇಬ್ಬರೇ. ಉಳಿದವರು ಕಡತಗಳಲ್ಲಿ ಮುಳುಗಿದ್ದರು.

ರೋಗವನ್ನು ಬುಡದಲ್ಲೇ ತಡೆಯಬೇಕೆಂಬ ಈ ಪಾಠ ಸೇನೆಗೆ ಹೊಸದಲ್ಲ. 1943ರಲ್ಲಿ ಬರ್ಮಾ ರಣರಂಗದಿಂದ ಒಬ್ಬ ಗಾಯಾಳು ಹಿಂದಕ್ಕೆ ಬಂದರೆ 120 ಮಂದಿ ಕಾಯಿಲೆಯವರು ಬರುತ್ತಿದ್ದರು. ಮಲೇರಿಯಾ ಅದರಲ್ಲಿ ದೊಡ್ಡ ಪಾಲು. ಆಮೇಲೆ ರೋಗಿಗಳನ್ನು ನೂರಾರು ಮೈಲಿ ಸಾಗಿಸುವುದನ್ನು ಬಿಟ್ಟು ಚಿಕಿತ್ಸೆಯನ್ನೇ ಮುಂಚೂಣಿಯ ಸಮೀಪಕ್ಕೆ ಒಯ್ದರು. ಸೈನಿಕರಿಗೆ ಮಲೇರಿಯಾ ತಡೆಯುವ ಮೆಪಾಕ್ರಿನ್ ಮಾತ್ರೆ ನುಂಗಿಸುವ ಹೊಣೆಯನ್ನು ದಳದ ಅಧಿಕಾರಿಯ ತಲೆಗೇ ಕಟ್ಟಿದರು. ಕಾಯಿಲೆ ಇಳಿಯಿತು.

ನಮ್ಮೂರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹಾರುವುದಿಲ್ಲ. ಅಂದರೆ ಯಾವುದೇ ನೆಲೆಯ ಗೋಡೆಯೊಳಗೆ ಕಚ್ಚುವ ಸೊಳ್ಳೆ ಅಲ್ಲಿಯೇ ಹುಟ್ಟಿರುತ್ತದೆ, ಇಲ್ಲವೇ ಗೋಡೆಗೆ ಹೊಂದಿಕೊಂಡ ಮನೆಯ ಡ್ರಮ್ಮಿನಲ್ಲಿ. ಹೊರಗಿನ ಆ ಮನೆಗಳಲ್ಲಿ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಲಾರ್ವಾ ಸಮೀಕ್ಷೆ ಮಾಡುತ್ತಾರೆ. ನೆಲೆಯವರೂ ಅವರ ಜೊತೆ, ಅದೇ ದಿನ, ಗೋಡೆಯ ಎರಡೂ ಬದಿ ಸುತ್ತುವಂತಾಗಬೇಕು.

ಆದ್ದರಿಂದ ರಕ್ಷಣಾ ಸಚಿವಾಲಯಕ್ಕೆ ಒಂದು ಪ್ರಶ್ನೆ ಕೇಳಿ: ಪ್ರತಿ ನೆಲೆಯ ಸೊಳ್ಳೆ ನಿಯಂತ್ರಣ ವೆಚ್ಚದಲ್ಲಿ ಹೊಗೆಗೆ ಎಷ್ಟು, ಮರಿ ಹುಡುಕುವವರಿಗೆ ಎಷ್ಟು? ರೋಗಿ ಸಿಕ್ಕ ಮನೆಯ ಸುತ್ತ ಹೊಗೆ ಬಿಡಲಿ. ಮಿಕ್ಕ ಹಣದಲ್ಲಿ ಮುಂಗಾರಿಗೆ ಮುಂಚೆ ತಟ್ಟೆ ಹಿಡಿಯುವ ಕೈಗಳನ್ನು ಹೆಚ್ಚಿಸಲಿ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕ, ಬೀದರ್